ಡಬ್ಬಿ ಸಾಹುಕಾರರು

ನಿವೃತ್ತರು ವಾಕಿಂಗ್ ಹೋಗುತ್ತಾರೆ, ಬಿಪಿ ಮಾತಾಡುತ್ತಾರೆ. ಅದನ್ನು ಹೇಗೋ ತಡೆದುಕೊಳ್ಳಬಹುದು. ದಾವಣಗೆರೆಯ ನಮ್ಮ ಸರಸ್ವತಿ ನಗರದಲ್ಲಿ ಒಬ್ಬರಿದ್ದಾರೆ, ಮರದ ಚೂರಿನಿಂದ ಗೂಡ್ಸ್ ಗಾಡಿಯ ಪುಟ್ಟ ಡಬ್ಬಿ ಮಾಡುತ್ತಾರೆ. ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ರೈಲ್ವೆಗೂ ಅವರಿಗೂ ಟಿಕೆಟ್ ಕೊಂಡಷ್ಟೇ ನಂಟು. ಓಣಿಯವರಿಗೆ ಅವರು ಡಬ್ಬಿ ಸಾಹುಕಾರರು.

ಸಿದ್ಧ ಕಿಟ್ ಅವರಿಗೆ ಎಂಜಲಿದ್ದಂತೆ. ಬಡಗಿ ಬಿಸಾಕಿದ ಸಾಗುವಾನಿ ಚೂರು, ಐಸ್‌ಕ್ರೀಂ ಕಡ್ಡಿ, ಫೆವಿಕಾಲ್, ಬ್ಲೇಡು, ಇಷ್ಟೇ ಕಾರ್ಖಾನೆ. ಅಸಲಿ ಡಬ್ಬಿ ಕಬ್ಬಿಣದ್ದು. ಇವರು ಮರದಲ್ಲಿ ಮಾಡಿ, ಎಳೆ ಕಾಣದಂತೆ ಉಪ್ಪುಕಾಗದ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಕಬ್ಬಿಣ ಅನ್ನಿಸುತ್ತಾರೆ. ‘ತಗಡಲ್ಲೇ ಮಾಡಬಹುದಲ್ಲ?’ ಅಂತ ಒಮ್ಮೆ ಕೇಳಿದೆ. ಉತ್ತರ ಮುಗಿಯುವಷ್ಟರಲ್ಲಿ ನನ್ನ ಕೈಲಿದ್ದ ಹಾಲಿನ ಪಾಕೀಟು ಬೆಚ್ಚಗಾಗಿತ್ತು.

ಅದಕ್ಕಿಂತ ದೊಡ್ಡ ಪೀಡೆ ಅರ್ಧ ಮಿಲಿಮೀಟರು. ಅವರ ಅಳತೆ ಅಸಲಿನ 87ನೇ ಒಂದು ಪಾಲು. ಮೀಟರ್‌ಗೇಜ್ ಅಂದರೆ ಹಳಿಯಿಂದ ಹಳಿಗೆ 1000 ಮಿಲಿಮೀಟರು, 87ರಿಂದ ಭಾಗಿಸಿದರೆ ಹನ್ನೊಂದೂವರೆ. ವಿದೇಶದಿಂದ ಬರುವ ಆಟದ ಹಳಿ 12.

“ಅರ್ಧ ಮಿಲಿಮೀಟರು ಅಂತ ನಗಬ್ಯಾಡ್ರಿ. ಅಸಲಿ ಹಳಿ ಮ್ಯಾಲೆ 44 ಆಗ್ತತಿ! ಗಾಡಿ ಬೀಳಂಗಿಲ್ಲೇನು?”

ಎಂಜಿನ್ನೇ ಇಲ್ಲದ ಗಾಡಿ, ಟಿವಿ ಸ್ಟ್ಯಾಂಡ್ ಮೇಲೆ ನಿಂತಿದೆ. ಎಲ್ಲಿಗೆ ಬೀಳಬೇಕು? ಆದರೂ ವರ್ನಿಯರ್ ಕ್ಯಾಲಿಪರ್ ಹಿಡಿದು ಗೇಟಿಗೇ ಬರುತ್ತಾರೆ. ಗೋಡೆಗೆ ಮೊಳೆ ಹೊಡೆಯಲು ಪಕ್ಕದ ಮನೆ ಹುಡುಗನನ್ನು ಕರೆಯುವ ನಾನು ಕಣ್ಣು ಕಿರಿದು ಮಾಡಿ “ಹೌದಲ್ಲ, ಸ್ವಲ್ಪ ಜಾಸ್ತಿನೇ ಐತಿ” ಅನ್ನುತ್ತೇನೆ.

“ಎಂಜಿನ್ ಯಾವಾಗ, ಯಜಮಾನ್ರೇ?”

“ಎಂಜಿನ್ ನೋಡಾಕ ಎಲ್ಲಾರೂ ಬರ್ತಾರ. ಡಬ್ಬಿ ನೋಡೋರು ಯಾರದಾರ?”

ಹರಿಹರದಲ್ಲಿ ತುಂಗಭದ್ರೆ ದಾಟಿ ಬರುವ ಇಂದಿನ ಉದ್ದನೆಯ ಗೂಡ್ಸ್ ಅವರಿಗೆ ಬೇಡ. ಬೆಂಗಳೂರು–ಹುಬ್ಬಳ್ಳಿ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ಮುಂಚಿನ ಚಿಕ್ಕ ಡಬ್ಬಿಗಳೇ ಆಗಬೇಕು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅಂಡಿಗೆ ಎಣಿಸಿ ಲೆಕ್ಕ ಬರೆದ ಕೈ ಅದು. ಗಿರಣಿಗೆ ಬೀಗ ಬಿತ್ತು, ಬರೆಯುವ ಚಟ ಬಿಡಲಿಲ್ಲ. ಪ್ರತಿ ಡಬ್ಬಿಯ ಮಗ್ಗುಲಿಗೂ ಸಾಸಿವೆ ಗಾತ್ರದ ಅಕ್ಷರದಲ್ಲಿ ನಂಬರು, ತೂಕ ಬರೆಯುತ್ತಾರೆ. ಕೈ ಮಾತ್ರ ನಡುಗುವುದಿಲ್ಲ.

ಈಗ ಡಬ್ಬಿಗೆ ಸರಕು ತುಂಬುವ ಹಂತ. ಬೆರಳ ತುದಿಯಷ್ಟು ಹತ್ತಿ ಅಂಡಿಗೆಗಳಾಗಬೇಕಂತೆ, ಹತ್ತಿ ಒದಗಿಸುವ ಗುತ್ತಿಗೆ ನನಗೆ. ನಮ್ಮ ದೇವರ ಮನೆಯ ಡಬ್ಬದಲ್ಲಿ ಬತ್ತಿಗೆ ಇಟ್ಟ ಹತ್ತಿ ದಿನೇ ದಿನೇ ಇಳಿಯುತ್ತಿದೆ. ಮನೆಯವಳು ಇಲಿ ಬೋನು ತರಲು ಹೇಳಿದ್ದಾಳೆ.