ಅಥಾತೋ ಕಂಬಜಿಜ್ಞಾಸಾ

ವಿಷಯ: ನಮ್ಮ ಮನೆಯೆದುರಿನ ದೀಪದ ಕಂಬ. ಕ್ಷೇತ್ರ: ಬೆಂಗಳೂರಿನ ಬಾಡಿಗೆ ಮನೆಯೊಂದರ ಮೊದಲ ಮಹಡಿ, ಕಿಟಕಿ ಪಕ್ಕದ ಮಂಚ. ಅಧ್ಯಯನ ವಿಧಾನ: ಹೊರಳಾಟ.

ಮೊದಲು ಶಬ್ದಾರ್ಥ. 'ನಿಶಾಚರ' ಎಂದರೆ ಪುರಾಣದಲ್ಲಿ ರಾಕ್ಷಸ. ನಮ್ಮ ಬೀದಿಯಲ್ಲಿ, ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡು ಅಮೆರಿಕದ ಹಗಲಿಗೆ ಫೋನೆತ್ತುವ ಎದುರುಮನೆ ಹುಡುಗ. ಈ ಪಂಗಡದ ಮೂಲಪುರುಷ ಲಕ್ಷ್ಮಣನೆಂಬುದು ನಮ್ಮ ನಮ್ರ ಮತ. ಹದಿನಾಲ್ಕು ವರ್ಷ ರಜೆಯಿಲ್ಲದೆ ನೈಟ್ ಶಿಫ್ಟ್ ಮಾಡಿದವನು ಇನ್ನಾರು? ಆದರೆ ಅವನ ಪಾಲಿನ ನಿದ್ದೆಯನ್ನೂ ಅಯೋಧ್ಯೆಯಲ್ಲಿ ಊರ್ಮಿಳೆಯೇ ಮಾಡಿ ಮುಗಿಸಿದಳೆಂದು ಜನ ಹೇಳುತ್ತಾರೆ. ಈಗಿನ ಮನೆಯಾಕೆಯರು ಆ ಏರ್ಪಾಡಿಗೆ ಒಪ್ಪುವುದಿಲ್ಲ (ಕೇಳಿ ನೋಡಲಾಗಿದೆ).

ಇನ್ನು ಇತಿಹಾಸ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿ ನೆಲದಡಿ ಕತ್ತಲಿತ್ತು, ನ್ಯಾಯವೇ. 1905ರಲ್ಲಿ ಅದು ಬೆಂಗಳೂರಿನ ಬೀದಿಗೆ ಬಂತು. ಮುಂದೆ ಸೋಡಿಯಂ ದೀಪದ ಕಾಲದಲ್ಲಿ ಬೀದಿಗೆ ಅರಿಸಿನ ಹಚ್ಚಿದ ಕಳೆಯಿತ್ತು. ಈಗಿನ ಎಲ್‌ಇಡಿಯದು ಆಪರೇಷನ್ ಥಿಯೇಟರಿನ ಬಿಳುಪು. ಅದರ ಹೊಟ್ಟೆಯಲ್ಲಿ ನೀಲಿ ಅಡಗಿದೆ. ನೀಲಿ ಎಲ್‌ಇಡಿ ಕೊಟ್ಟ ಮೂವರಿಗೆ 2014ರಲ್ಲಿ ನೊಬೆಲ್, ಮೈಯೊಳಗಿನ ಗಡಿಯಾರದ ಕೀಲು ಬಿಚ್ಚಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್. ಗಡಿಯಾರ ಕೆಟ್ಟವನಿಗೆ ಏನೂ ಇಲ್ಲ.

ಆ ಗಡಿಯಾರದ ಸಂಗತಿ ಹೀಗಿದೆ. ಕಣ್ಣಿನ ಒಳಪರದೆಯಲ್ಲಿ ಕೆಲವು ಕೋಶಗಳಿಗೆ ನೋಟಕ್ಕಿಂತ ಚಾಡಿಯೇ ಮುಖ್ಯ ಉದ್ಯೋಗ. 480 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕು ತಾಗಿತೋ, 'ಬೆಳಗಾಯಿತು ಸ್ವಾಮೀ' ಎಂದು ಮಿದುಳಿಗೆ ವರದಿ ಹೋಗುತ್ತದೆ. ಅಲ್ಲಿ ಅಕ್ಕಿಕಾಳಿನಷ್ಟೇ ಇರುವ ಪೀನಿಯಲ್ ಗ್ರಂಥಿ ಹಳೆಯ ಕಾಲದ ಶಾನುಭೋಗರಂತೆ: ತಾನೆದ್ದು ಆಕಾಶ ನೋಡುವುದಿಲ್ಲ, ಬಂದ ವರದಿಯನ್ನೇ ನಂಬಿ ಮೆಲಟೋನಿನ್ ಬಟವಾಡೆ ನಿಲ್ಲಿಸುತ್ತದೆ. ಸೂರ್ಯನೋ ಕಂಬವೋ ಎಂಬ ವಿಚಾರಣೆ ಇಲ್ಲ.

ಪ್ರತ್ಯಕ್ಷ ಪ್ರಮಾಣ: ರಾತ್ರಿ ಎರಡು ಗಂಟೆಗೆ ಮಲಗಿದಲ್ಲಿಂದಲೇ ಗೋಡೆಯ ಕ್ಯಾಲೆಂಡರಿನ ರಾಹುಕಾಲ ಓದಬಹುದು. ಕಿಟಕಿಯ ಸರಳುಗಳ ನೆರಳು ಹೊದಿಕೆಯ ಮೇಲೆ ಏಳು ಪಟ್ಟೆಯಾಗಿ ಬಿದ್ದು, ಮಲಗಿದವನು ಜೈಲಿನಲ್ಲಿದ್ದಂತೆ ಕಾಣುತ್ತಾನೆ. ಹುಣ್ಣಿಮೆ ಚಂದ್ರ ಕಾಲು ಲಕ್ಸ್ ಆಸುಪಾಸಿನಲ್ಲೇ ಕವಿಗಳನ್ನು ಸಾಕಿದ. ಕಂಬದ ಬುಡದಲ್ಲಿ ಹತ್ತು ಲಕ್ಸಿಗೂ ಒಬ್ಬ ಕವಿ ಹುಟ್ಟಲಿಲ್ಲ. ಅಪರಾತ್ರಿ ಕೂಗುವುದು ಕೋಗಿಲೆಯೊಂದೇ, ಪಾಪ, ಅದಕ್ಕೂ ವರದಿ ತಪ್ಪಿದೆ.

ಶಬ್ದ ಪ್ರಮಾಣ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ದೇಹದ ಲಯ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತು, 2019ರಲ್ಲಿ ರಾತ್ರಿಪಾಳಿಯನ್ನು ಮತ್ತೆ ಅಲ್ಲೇ ಇಟ್ಟಿತು. ಈ ಸಾಲು ಅಣಕವಲ್ಲ. ಇದು ನನ್ನ ಕಂಬದ ಮಾತೂ ಅಲ್ಲ, ಬೆಳಗಿನ ಜಾವ ಐದಕ್ಕೆ ಕ್ಯಾಬಿನಿಂದ ತೂಕಡಿಸುತ್ತಾ ಇಳಿಯುವ ಆ ಹುಡುಗನ ಮಾತು.

ಪೂರ್ವಪಕ್ಷ: ದೀಪವಿದ್ದರೆ ಕಳ್ಳರು ಬರುವುದಿಲ್ಲ. ಉತ್ತರ: ಕಳೆದ ಆಷಾಢದಲ್ಲಿ ಮೂಲೆಮನೆಯ ಸ್ಕೂಟರ್ ಒಯ್ದವರು ಕಂಬದ ಬುಡದಲ್ಲೇ ನಿಂತು, ನಿಧಾನವಾಗಿ, ವೈರು ಕೂಡಿಸಿದರಂತೆ. ದೀಪ ಬೇಡವೆಂದು ನಾನೂ ಹೇಳುತ್ತಿಲ್ಲ. ತಲೆಗೊಂದು ಟೋಪಿ ಹಾಕಿ ಬೆಳಕನ್ನು ರಸ್ತೆಗೆ ಬಗ್ಗಿಸಿ, ಬಣ್ಣ ಹಳದಿಗೆ ತಿರುಗಿಸಿದರೆ ಸಾಕು. ಇದನ್ನೇ ಅರ್ಜಿಯಲ್ಲಿ ಬರೆದು ಕೊಟ್ಟೆ. ನೋಡಲು ಬಂದ ಲೈನ್‌ಮನ್ ಕತ್ತೆತ್ತಿ ನೋಡಿ, "ಉರೀತಾ ಇದೆಯಲ್ಲಾ ಸಾರ್, ಮತ್ತೇನು ಕಂಪ್ಲೇಂಟು?" ಎಂದ. ಉರಿಯದ ದೀಪಕ್ಕೆ ಅವರಲ್ಲಿ ರಿಜಿಸ್ಟರಿದೆ, ಉರಿಯುವುದಕ್ಕಿಲ್ಲ.

ಸದ್ಯ ಕಿಟಕಿಗೆ ಹಳೇ ಜಮಖಾನ ಕಟ್ಟಿದ್ದೇನೆ. ಕೋಣೆ ಗವ್ವೆನ್ನುತ್ತಿದೆ. ಆ ಕತ್ತಲಲ್ಲಿ ಕೂತು ಈ ಪ್ರಬಂಧವನ್ನು ಮೊಬೈಲಿನಲ್ಲಿ ಬೆರಳಾಡಿಸಿ ಮುಗಿಸುವಾಗ ಗಂಟೆ ಎರಡೂವರೆ. ಪರೀಕ್ಷಕಿಯಾದ ಮನೆಯಾಕೆ ಮಗ್ಗುಲು ಬದಲಿಸಿ ತೀರ್ಪು ಕೊಟ್ಟಳು: "ರೀ, ಕೈಯಲ್ಲಿರೋ ಕಂಬ ಮೊದ್ಲು ಆರಿಸಿ."