ಇಂಗು ತಿಂದ ಮಂಗ

ನಮ್ಮ ಮಾರುತಿ ಎಂಟುನೂರು ಎರಡನೇ ಗೇರಿಗೆ ಬೀಳುವಾಗ ‘ಕರ್ರ್’ ಎನ್ನುತ್ತಿತ್ತು. “ಯಾರಿಗಾದ್ರೂ ತೋರಿಸಿ” ಅಂದಳು ನನ್ನ ಹೆಂಡತಿ. ಯಾರಿಗಾದರೂ ಎಂದರೆ ನನಗಲ್ಲ ಎಂಬ ಸೂಕ್ಷ್ಮ ನನಗೆ ಹೊಳೆಯಲಿಲ್ಲ.

ಮೂರು ರಾತ್ರಿ ಫೋನಿನಲ್ಲಿ ವಿಡಿಯೋ ನೋಡಿ ಪಂಡಿತನಾದೆ. ಅಂಗಡಿಯವನು ಜಿಎಲ್-5 ಗೇರ್ ಆಯಿಲ್ ಕೊಡಲು ಬಂದಾಗ, “ಅದರಲ್ಲಿ ಗಂಧಕ ಜಾಸ್ತಿ. ಒಳಗಿನ ಹಿತ್ತಾಳೆ ರಿಂಗಿಗೆ ಆಗಿಬರಲ್ಲ. ಜಿಎಲ್-4 ಕೊಡಿ” ಎಂದು ಪಕ್ಕದಲ್ಲಿ ನಿಂತವರಿಗೂ ಕೇಳಿಸುವಂತೆ ಹೇಳಿದೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ. ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯತನಕ ಹೋಗಿ ಬಂದೆ. ಎಣ್ಣೆ ಬಿಸಿಯಾದರೆ ಸಲೀಸಾಗಿ ಇಳಿಯುತ್ತದಲ್ಲ. ಜಾಕ್ ಕೊಟ್ಟು, ಕಾಂಪೌಂಡ್ ಕಟ್ಟಿ ಉಳಿದಿದ್ದ ಸಿಮೆಂಟ್ ಬ್ಲಾಕು ಎರಡನ್ನು ಅಡಿಗಿಟ್ಟು, ಹಳೇ ಪಂಚೆ ಹಾಸಿಕೊಂಡು ಒಳಗೆ ನುಸುಳಿದೆ. ಕೆಳಗಿನ ಬೋಲ್ಟು ತಿರುಗಿಸಿದ್ದೇ ತಡ, ಕಪ್ಪು ಎಣ್ಣೆ ಧಾರೆಯಾಗಿ ಸುರಿಯಿತು. ವಾಸನೆಯೋ, ನೂರು ಮನೆಯ ಸಾರಿಗೆ ಒಟ್ಟಿಗೆ ಇಂಗಿನ ಒಗ್ಗರಣೆ ಹಾಕಿದಂತೆ. ಅಲ್ಲೂ ಗಂಧಕ, ಇಲ್ಲೂ ಗಂಧಕ.

ಗೇರ್ ಬಾಕ್ಸಿನಲ್ಲಿದ್ದದ್ದು ಎರಡು ಲೀಟರಿನಷ್ಟು ಎಣ್ಣೆ. ನಾನು ಅಡಿಗಿಟ್ಟಿದ್ದು ಒಂದು ಲೀಟರಿನ ಐಸ್‌ಕ್ರೀಂ ಡಬ್ಬಿ.

ಡಬ್ಬಿ ಕಂಠಮಟ್ಟ ತುಂಬಿತು. ಬೋಲ್ಟನ್ನು ವಾಪಸು ಹಾಕೋಣವೆಂದರೆ ಅದು ಕೈಯಿಂದ ಜಾರಿ ಅದೇ ಡಬ್ಬಿಯ ತಳ ಸೇರಿತು. ಬೇರೆ ದಾರಿ ಕಾಣದೆ ಹೆಬ್ಬೆಟ್ಟನ್ನು ತೂತಿಗೆ ಒತ್ತಿದೆ. ಧಾರೆ ನಿಂತಿತು. ನಾನೂ ನಿಂತೆ, ಅಂದರೆ ಮಲಗಿದ್ದಲ್ಲೇ ಉಳಿದೆ. ಕೈ ತೆಗೆದರೆ ಅಂಗಳವೆಲ್ಲ ಎಣ್ಣೆ.

ಎದುರು ಮನೆಯ ರಾಯರು ವಾಕಿಂಗ್ ಮುಗಿಸಿ ಬಂದದ್ದು ಆಗಲೇ. ಹೊರಗೆ ಚಾಚಿದ್ದ ನನ್ನ ಕಾಲುಗಳನ್ನು ನೋಡಿ, “ಏನ್ಸಾರ್, ರಿಪೇರಿಯಾ?” ಎಂದರು. ಹೌದೆಂದೆ. ಕಟ್ಟೆಯ ಮೇಲೆ ಕೂತರು. ಅವರ ಫಿಯಟ್ಟಿಗೆ ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇತ್ತಂತೆ, ಮಡಿಕೇರಿ ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತುತ್ತಿತ್ತಂತೆ. ಪೂರಾ ಕಥೆಯನ್ನು ನನ್ನ ಪಾದಗಳಿಗೆ ಹೇಳಿದರು. ಸೌಜನ್ಯಕ್ಕೆ ಹೆಬ್ಬೆರಳು ಅಲ್ಲಾಡಿಸಿ ಹೂಂಗುಟ್ಟಿದೆ, ಕಾಲಿನದು, ಕೈಯದು ಡ್ಯೂಟಿಯಲ್ಲಿತ್ತು. ಅಷ್ಟರಲ್ಲಿ ಎಣ್ಣೆಸ್ನಾನದ ಹದಕ್ಕೆ ಬೆಚ್ಚಗಿದ್ದ ಗೇರ್ ಆಯಿಲ್ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ನಿಧಾನವಾಗಿ ಪ್ರಯಾಣ ಬೆಳೆಸಿತ್ತು.

“ಲೇ, ಒಂದು ಪಾತ್ರೆ ತಾರೇ!” ಎಂದು ಕೂಗಿದೆ.

“ಯಾವ ಪಾತ್ರೆ?”

“ಯಾವುದಾದ್ರೂ!”

“ಯಾವುದಾದ್ರೂ ಅಂತ ಯಾವುದೂ ಇಲ್ಲ. ಏನಕ್ಕೆ ಬೇಕು ಹೇಳಿ.”

ಒಳಗಿಂದ ಅಮ್ಮ, “ಎಷ್ಟು ಸೇರಿಂದು ಬೇಕಂತೆ ಕೇಳು” ಎಂದರು. ರಾಯರು “ನಮ್ಮನೆಯಿಂದ ತರಲಾ?” ಎಂದರು, ಆದರೆ ಏಳಲಿಲ್ಲ. ಕೊನೆಗೆ ಬಚ್ಚಲಿನ ಬಕೆಟ್ ಬಂತು. ಕಾರಿನ ಅಡಿಗೆ ತೂರಲಿಲ್ಲ. ಅಡ್ಡ ಮಲಗಿಸಿ ನೂಕಿದಳು. ಅಡ್ಡ ಮಲಗಿದ ಬಕೆಟ್ಟಿನಲ್ಲಿ ಎಣ್ಣೆ ನಿಲ್ಲುವುದಿಲ್ಲ ಎಂದು ತೂತಿಗೆ ಬೆರಳಿಟ್ಟುಕೊಂಡು ಹೆಂಡತಿಗೆ ವಿವರಿಸುವ ಭಾಗ್ಯ ಎಷ್ಟು ಗಂಡಂದಿರಿಗೆ ಸಿಕ್ಕೀತು? ಅಮ್ಮ ಕಡೆಗೂ ಹರಿವಾಣ ಕೊಟ್ಟರು. ಆರತಿಯದಲ್ಲ, ಸಂಡಿಗೆ ಹಿಟ್ಟಿನದು. ಬೆರಳು ತೆಗೆದಾಗ ಅದು ಮರಗಟ್ಟಿ ನನ್ನದೆನ್ನಿಸಲಿಲ್ಲ. ಹೊರಗೆ ಬಂದು ಇಂಗು ತಿಂದ ಮಂಗನ ಹಾಗೆ ಕೂತೆ. ಗಾದೆ ಮಾಡಿದವರು ಗೇರ್ ಆಯಿಲ್ ಬದಲಿಸಿದ್ದವರೇ ಇರಬೇಕು.

“ಆ ಎಣ್ಣೆ ಚೆಲ್ಲಬೇಡಿ, ಗೆದ್ದಲಿಗೆ ಒಳ್ಳೇದು” ಎಂದು ಹೇಳಿ ರಾಯರು ತಿಂಡಿಗೆ ಹೊರಟರು.

ಹೊಸ ಎಣ್ಣೆ ತುಂಬಬೇಕಾದ ಮೇಲಿನ ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಳೆಯದು ಹೋಯಿತು, ಹೊಸದು ಹೋಗಲೊಲ್ಲದು. ಕಾರು ಓಡಿಸುವಂತಿಲ್ಲ. ಮೆಕ್ಯಾನಿಕ್ಕನಿಗೆ ಫೋನ್ ಮಾಡಿದೆ.

“ಮೊದ್ಲು ಮೇಲಿಂದು ಬಿಚ್ಚಬೇಕು ಸಾರ್, ಅದು ಬಂದ್ರೆ ಮಾತ್ರ ಕೆಳಗಿಂದು” ಎನ್ನುತ್ತಲೇ ಬಗ್ಗಿದವನು ಬ್ಲಾಕುಗಳನ್ನು ನೋಡಿ ಸುಮ್ಮನಾದ. “ಇದರ ಮೇಲೆ ನಿಲ್ಸಿ ಅಡಿಗೆ ಹೋಗಿದ್ರಾ? ಟೊಳ್ಳು ಬ್ಲಾಕು ಸಾರ್. ಬಿರುಕು ಬಿಡೋಕೆ ಮುಂಚೆ ಹೇಳಲ್ಲ.” ಎಡಗೈ ಮುಂದೆ ಹಿಡಿದ. ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. “ಹುಡುಗ ಆಗಿದ್ದಾಗ.” ಹತ್ತು ವರ್ಷದಿಂದ ಆ ಕೈಗೆ ದುಡ್ಡು ಕೊಡುತ್ತಿದ್ದೇನೆ, ನೋಡಿಯೇ ಇರಲಿಲ್ಲ.

ಅವನು ತನ್ನ ಸ್ಟ್ಯಾಂಡ್ ತಂದು ಇಟ್ಟು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಒಂದೇ ಎಳೆತಕ್ಕೆ ಬೋಲ್ಟು ಬಿಚ್ಚಿದ. ತೂತಿನಿಂದ ಎಣ್ಣೆ ಹೊರಗೆ ಜಿನುಗುವತನಕ ತುಂಬಿಸಿ ಮುಚ್ಚಿದ. ಇನ್ನೂರು ರೂಪಾಯಿ ತೊಗೊಂಡ. ಟೊಳ್ಳು ಬ್ಲಾಕುಗಳನ್ನು ತಾನೇ ಎತ್ತಿ ಗೇಟಿನಾಚೆ ಹಾಕಿ ಹೋದ.

ಎರಡನೇ ಗೇರು ಈಗಲೂ ‘ಕರ್ರ್’ ಎನ್ನುತ್ತದೆ. ರಿಂಗೇ ಸವೆದಿದೆಯಂತೆ.