ಜೀರ್ಣನೌಕಾ ಮೀಮಾಂಸೆ

ಹಾಯಿದೋಣಿಯ ಸ್ವಭಾವ ತೇಲುವುದು ಎಂಬುದು ಪೂರ್ವಪಕ್ಷ. ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪಕ್ಕೆ ಜುಲೈ ತಿಂಗಳಲ್ಲಿ ಹೋಗಿ, ಚಾಗರಾಮಸ್‌ನ ಬೋಟ್‌ಯಾರ್ಡುಗಳನ್ನು ಕಂಡ ಯಾವ ವಿದ್ವಾಂಸನೂ ಇದನ್ನು ಒಪ್ಪಲಾರ. ಅಲ್ಲಿ ದೋಣಿಗಳು ಕಬ್ಬಿಣದ ಆಸರೆಗಳ ನಡುವೆ, ನೆಲದ ಮೇಲೆ, ಸಾಲುಗಟ್ಟಿ ನಿಂತಿರುತ್ತವೆ. ಭೂಮಂಡಲ ಸುತ್ತಲು ಹೊರಟ ದಂಪತಿ ಏಣಿ ಹತ್ತಿ ಮನೆ ಸೇರುತ್ತಾರೆ, ಏಣಿ ಇಳಿದು ಶೌಚಾಲಯ ಹುಡುಕುತ್ತಾರೆ. ಆದ್ದರಿಂದ ಹಾಯಿದೋಣಿಯು ಮೂಲತಃ ನೆಲವಾಸಿ. ಎರಡು ರಿಪೇರಿಗಳ ನಡುವೆ ಮಾತ್ರ ನೀರಿಗಿಳಿಯುವ ಪದಾರ್ಥ. ಇದು ಸಿದ್ಧಾಂತ.

ಮೊದಲು ದೇಶಕಾಲ ನಿರ್ಣಯ. ಅಟ್ಲಾಂಟಿಕ್ ಚಂಡಮಾರುತಗಳ ಅಧಿಕೃತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಸುಮಾರು 10.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಟ್ರಿನಿಡಾಡ್ ಅವುಗಳ ಮಾಮೂಲು ಹಾದಿಗಿಂತ ದಕ್ಷಿಣಕ್ಕಿದೆ. 12 ಡಿಗ್ರಿಯ ಗ್ರೆನಾಡವೂ ಕ್ಷೇಮವೆಂದೇ ಅನೇಕರು ನಂಬಿದ್ದರು. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಖುದ್ದಾಗಿ ಬಂದು, ಯಾರ್ಡಿನಲ್ಲಿದ್ದ ದೋಣಿಗಳನ್ನು ಉರುಳಿಸಿ ಆ ವಾದವನ್ನು ಖಂಡಿಸಿತು. ಹೀಗೆ ಅನೇಕ ನಾವಿಕರು ಇನ್ನಷ್ಟು ದಕ್ಷಿಣಕ್ಕೆ, ಟ್ರಿನಿಡಾಡಿಗೆ ಬರುತ್ತಾರೆ. ಆದರೆ ಅದೇ ತಿಂಗಳುಗಳು ಅಲ್ಲಿ ಮಳೆಗಾಲ. ಬಿರುಗಾಳಿಯಿಂದ ತಪ್ಪಿಸಿಕೊಂಡ ದೋಣಿಗೆ ಬಣ್ಣ ಒಣಗುವ ಭಾಗ್ಯವಿಲ್ಲ.

ಇನ್ನು ವ್ರಣಪ್ರಕರಣ. ಫೈಬರ್‌ಗ್ಲಾಸಿನ ಒಡಲು ವರ್ಷಗಟ್ಟಲೆ ನೀರಿನಲ್ಲಿದ್ದರೆ ಹೊರಪದರವಾದ ಜೆಲ್‌ಕೋಟನ್ನು ದಾಟಿ ತೇವ ಒಳಸೇರುತ್ತದೆ, ಪಾಲಿಯೆಸ್ಟರ್ ರಾಳದೊಡನೆ ಬೆರೆತು ಆಮ್ಲವಾಗುತ್ತದೆ, ಮೈಮೇಲೆ ಗುಳ್ಳೆಗಳೇಳುತ್ತವೆ. ಒಡೆದರೆ ವಿನೆಗರ್ ವಾಸನೆ. ಚಿಕಿತ್ಸೆ: ಜೆಲ್‌ಕೋಟ್ ಕೆರೆದು ತೆಗೆಯುವುದು, ಒಡಲನ್ನು ಪೂರ್ತಿ ಒಣಗಿಸುವುದು, ಆಮೇಲೆ ಎಪಾಕ್ಸಿಯನ್ನು ಹಲವು ಪದರ ಬಳಿಯುವುದು. ಒಣಗಲು ವಾರಗಳಿಂದ ಹಿಡಿದು ತಿಂಗಳುಗಳೇ ಬೇಕು. ಗಮನಿಸಬೇಕಾದ ಸೂಕ್ಷ್ಮವೆಂದರೆ, ಒಣಗಿಸುವ ಮುನ್ನ ಆಮ್ಲ ಹೋಗಲೆಂದು ಮತ್ತೆ ಮತ್ತೆ ಸಿಹಿನೀರಿನಿಂದ ತೊಳೆಯಬೇಕು. ತೇವದ ರೋಗಕ್ಕೆ ನೀರೇ ಮದ್ದು. ಮಾಲೀಕ ದಿನಾ ಬೆಳಿಗ್ಗೆ ತೇವಮಾಪಕ ಒತ್ತಿ ನೋಡುತ್ತಾನೆ, ಮಧ್ಯಾಹ್ನ ಮಳೆ ಬರುತ್ತದೆ.

ಆದರೆ ಶಾಸ್ತ್ರದ ತಿರುಳಿರುವುದು ಕಾರ್ಯಕಾರಣ ಪ್ರಕರಣದಲ್ಲಿ. ಪ್ರೊಪೆಲರ್ ಶಾಫ್ಟನ್ನು ಹಿಡಿದಿರುವ ರಬ್ಬರಿನ ಬೇರಿಂಗ್ ಸವೆದಿದೆ ಎನ್ನೋಣ. ಅದನ್ನು ಬದಲಿಸಲು ಬಹಳ ದೋಣಿಗಳಲ್ಲಿ ಶಾಫ್ಟನ್ನೇ ಹೊರಗೆಳೆಯಬೇಕು. ಎಳೆಯಲು ಹೋದರೆ ಹಿಂದೆ ಚುಕ್ಕಾಣಿ ಅಡ್ಡ. ಚುಕ್ಕಾಣಿಯನ್ನು ಕೆಳಗಿಳಿಸಲು ಅದರ ದಂಡದಷ್ಟು ಎತ್ತರ ಬೇಕು. ದೋಣಿ ಅಷ್ಟು ಎತ್ತರದಲ್ಲಿಲ್ಲ. ಆಗ ಸನಿಕೆ ತರಿಸಿ ನೆಲ ಅಗೆಯುತ್ತಾರೆ. ಅಂಗೈಯಲ್ಲಿ ಹಿಡಿಯಬಹುದಾದ ಬೇರಿಂಗಿಗಾಗಿ ದೋಣಿಯ ಕೆಳಗೆ ಗುಂಡಿ ತೋಡುವ ಈ ಕ್ರಿಯೆ ಹಾಸ್ಯವಲ್ಲ, ರೂಢಿ. ಗುಂಡಿಯಲ್ಲಿ ಮಳೆನೀರು ನಿಲ್ಲುವುದು ಅದರ ಉಪಫಲ.

ಲೋಹಗಳ ವಿಷಯದಲ್ಲಿ ನಮ್ಮವರ ಪ್ರಮಾಣವೇ ಉಂಟು. ಭೋಜರಾಜನದೆನ್ನುವ ‘ಯುಕ್ತಿಕಲ್ಪತರು’ ಸಮುದ್ರಯಾನದ ಹಡಗಿನ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದೆನ್ನುತ್ತದೆ. ಕಡಲಿನ ಅಯಸ್ಕಾಂತದ ಬಂಡೆಗಳು ಸೆಳೆದಾವೆಂಬ ಭಯ. ದೋಣಿಗಳನ್ನು ಪರೀಕ್ಷಿಸುವ ಇಂದಿನ ಸರ್ವೇಯರ್ ಬಂಡೆಗಳನ್ನು ಕೈಬಿಟ್ಟಿದ್ದಾನೆ, ಭಯವನ್ನು ಉಳಿಸಿಕೊಂಡಿದ್ದಾನೆ. ಅವನ ಶತ್ರು ಹಿತ್ತಾಳೆ. ಉಪ್ಪುನೀರು ಒಡಲಿನಲ್ಲಿರುವ ಹಿತ್ತಾಳೆಯ ವಾಲ್ವಿನಿಂದ ಸತುವನ್ನು ಕದ್ದೊಯ್ದು, ಆಕಾರವನ್ನು ಹಾಗೇ ಬಿಟ್ಟಿರುತ್ತದೆ. ನಸುಗೆಂಪು ಬಣ್ಣ ಕಂಡಲ್ಲಿ ಸರ್ವೇಯರ್ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾನೆ. ವಾಲ್ವ್ ಸಂಡಿಗೆಯಂತೆ ಮುರಿಯುತ್ತದೆ. ಒಂದು ಮುರಿದ ಮೇಲೆ ಉಳಿದವನ್ನು ನಂಬುವುದು ತರ್ಕವಿರುದ್ಧ. ಎಲ್ಲವನ್ನೂ ಕಂಚಿನದಕ್ಕೆ ಬದಲಿಸಬೇಕು.

ಪೂರ್ವಾಚಾರ್ಯ ಜೋಶುವಾ ಸ್ಲೋಕಮ್. ಮೊದಲ ಬಾರಿಗೆ ಒಂಟಿಯಾಗಿ ಭೂಮಿ ಸುತ್ತಿದವನು. ಅಮೆರಿಕದ ಫೇರ್‌ಹೇವನ್ನಿನ ಹೊಲವೊಂದರಲ್ಲಿ ಬಿದ್ದಿದ್ದ ‘ಸ್ಪ್ರೇ’ ಎಂಬ ಮುದಿದೋಣಿಯನ್ನು ಆತ ಸ್ವಂತ ಕೈಯಾರೆ ಮರುಕಟ್ಟಿದ. ಸಾಮಗ್ರಿಗೆ 553.62 ಡಾಲರ್, ದುಡಿಮೆ 13 ತಿಂಗಳು. ವಾಸ್ತವದಲ್ಲಿ ಇನ್ನೂ ಕೆಲವು ತಿಂಗಳು ಹಿಡಿಯಿತು. ನಡುನಡುವೆ ಬೇರೆಯವರ ತಿಮಿಂಗಿಲ ಬೇಟೆಯ ಹಡಗುಗಳನ್ನು ಸಜ್ಜುಗೊಳಿಸಲು ಹೋಗುತ್ತಿದ್ದ. ಅಂದರೆ ಮೇಸ್ತ್ರಿಯು ಈ ದೋಣಿ ಬಿಟ್ಟು ಆ ದೋಣಿಗೆ ಹೋಗುವ ಸಂಪ್ರದಾಯಕ್ಕೆ, ಮಾಲೀಕನೇ ಮೇಸ್ತ್ರಿಯಾದರೂ ಭಂಗವಿಲ್ಲ. 1895ರ ಏಪ್ರಿಲಿನಿಂದ 1898ರ ಜೂನ್‌ವರೆಗಿನ ಯಾನ ಸುಮಾರು 38 ತಿಂಗಳದು. ಒಂದು ಪಾಲು ರಿಪೇರಿಗೆ ಮೂರು ಪಾಲು ಯಾನ: ಇಂದಿನವರಿಗೆ ಇದು ಕೃತಯುಗದ ಲೆಕ್ಕ.

ಕಡೆಯದು ಅವತರಣ ಪ್ರಕರಣ. ಟ್ರಾವೆಲ್ ಲಿಫ್ಟ್ ಎಂಬ ಚಲಿಸುವ ಕ್ರೇನು ದೋಣಿಯನ್ನು ಪಟ್ಟಿಗಳಲ್ಲಿ ತೂಗಿ ನೀರಿಗಿಳಿಸುತ್ತದೆ, ಪಟ್ಟಿ ಬಿಚ್ಚುವುದಿಲ್ಲ. ಮಾಲೀಕ ಟಾರ್ಚ್ ಹಿಡಿದು ತಳದ ಹಲಗೆ ಎತ್ತುತ್ತಾನೆ. ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಹಳೆಯ ಮಾದರಿಯ ಗ್ಲ್ಯಾಂಡಿನಿಂದ ಒಂದೊಂದೇ ಹನಿ. ಶಾಫ್ಟ್ ತಿರುಗುವಾಗ ಹನಿಯುವುದು ಗುಣ, ತಂಪಿಗೆ ಬೇಕು. ನಿಂತಾಗಲೂ ಹನಿಯುವುದು ದೋಷ. ಶಾಫ್ಟ್ ನಿಂತಿದೆ. ನಟ್ ಬಿಗಿಸಿದರೆ ಸಾಕೆಂಬುದು ಮೇಸ್ತ್ರಿಯ ಮತ, ಒಳಗಿನ ಹುರಿಯನ್ನೇ ಬದಲಿಸಬೇಕೆಂಬುದು ಪಕ್ಕದ ದೋಣಿಯವನ ಮತ. ಲಿಫ್ಟ್ ಆಪರೇಟರ್ ಇಂಜಿನ್ ಆರಿಸದೆ ಮೇಲಕ್ಕೋ ಕೆಳಕ್ಕೋ ಎಂದು ಕೇಳುತ್ತಾನೆ. ಸರದಿಯಲ್ಲಿ ಹಿಂದಿರುವ ದೋಣಿಯವನು ಕೆಳಕ್ಕೆ ಎಂದು ತಾನೇ ಉತ್ತರಿಸುತ್ತಾನೆ.